ನಿಮಗಿದು ಗೊತ್ತೆ? ಹಳೇ ಕಂಪ್ಯೂಟರಿಗೂ ಹೊಸ ಕಾರ್ಡ್ ಕೂಡುತ್ತದೆ

ಡೆಸ್ಕ್‌ಟಾಪ್‌ಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಬಂದದ್ದು 2004ರಲ್ಲಿ. ಅಲ್ಲಿಂದ ಎಷ್ಟೋ ತಲೆಮಾರು ಕಳೆದರೂ ಅದರ ಆಕಾರ ಬದಲಾಗಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್ ಹಳೇ ಸ್ಲಾಟಿನಲ್ಲಿ ಕೂರುತ್ತದೆ, ವೇಗ ಮಾತ್ರ ಹಳೆಯದಕ್ಕೆ ಇಳಿಯುತ್ತದೆ. ಅದಕ್ಕೂ ಹಿಂದಿನ ಎಜಿಪಿ ಸ್ಲಾಟಿಗೆ ಇದು ಹೊಂದದು.

ನಿಜವಾದ ತೊಡಕು ಕರೆಂಟಿನದು. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್‌ನ 6 ಪಿನ್ ವೈರಿನಿಂದ ಮತ್ತೆ 75, 8 ಪಿನ್‌ನಿಂದ 150 ವ್ಯಾಟ್ ಸಿಗುತ್ತದೆ. ಹಳೇ ಪೆಟ್ಟಿಗೆಗಳಲ್ಲಿ ಬಹಳ ಸಲ ಈ ವೈರ್‌ಗಳೇ ಇರುವುದಿಲ್ಲ. ಆಗ ಜಿಟಿ 710 (19 ವ್ಯಾಟ್), ಜಿಟಿ 1030 (30 ವ್ಯಾಟ್) ಥರದ ಕಾರ್ಡ್‌ಗಳು ಒಳ್ಳೆಯ ಆಯ್ಕೆ. ಬಯೋಸ್ ತೀರ ಹಳೆಯದಾದರೆ ಕೆಲವು ಹೊಸ ಕಾರ್ಡ್ ಹಾಕಿದಾಗ ಪರದೆ ಬೆಳಗುವುದೇ ಇಲ್ಲ. ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿಯಲ್ಲಿ ಕಡಿಮೆ ವ್ಯಾಟ್ ಎಂದರೆ ಕಡಿಮೆ ಬಿಸಿಯೂ ಹೌದು. ಕಮಲಾಪುರದಿಂದ ಕಾರ್ಡ್ ತರಲು ಸಿಟಿಗೆ ಬಸ್ ಹತ್ತುವವರು ಮೊದಲು ಪೆಟ್ಟಿಗೆ ಬಿಚ್ಚಿ, ಒಳಗಿನ ಜಾಗ ಅಳೆದು, ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಚೀಟಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಸಣ್ಣ ಪೆಟ್ಟಿಗೆಯಾದರೆ ‘ಲೋ ಪ್ರೊಫೈಲ್’ ಕಾರ್ಡನ್ನೇ ಕೇಳಿ.