ಬೋರ್ಡು ಓದಿ ಬಸ್ಸು ಹತ್ತೋಣ

ಅಕ್ಕ ತಂಗಿಯರೇ, ಗೋಕರ್ಣಕ್ಕೆ ಹೋಗೋಣವೇ? ಅಲ್ಲಿ ಮಹಾಬಲೇಶ್ವರ ದೇವಸ್ಥಾನ ಇದೆ. ಪಕ್ಕದಲ್ಲೇ ಕಡಲು ಇದೆ. ಓಂ ಆಕಾರದ ಕಡಲತೀರವೂ ಇದೆ.

ಬೆಂಗಳೂರಿನಿಂದ ಗೋಕರ್ಣಕ್ಕೆ ಸುಮಾರು 480 ಕಿಲೋಮೀಟರ್. ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಬೇಕು. ರಾತ್ರಿ ಹೊರಟರೆ ಬೆಳಗ್ಗೆ ತಲುಪುತ್ತೇವೆ. ನೇರ ಬಸ್ಸು ಸಿಗದಿದ್ದರೆ ಕುಮಟಾದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬಹುದು.

ಒಮ್ಮೆ ನಾವು ಹೊರಟಾಗ ಏನಾಯ್ತು ಗೊತ್ತೇ? ನಮ್ಮ ಜೊತೆಯ ಅಕ್ಕ ಒಬ್ಬರು ಬೋರ್ಡಿನಲ್ಲಿ ‘ಗೋ’ ನೋಡಿದರು. ಓಡಿ ಹೋಗಿ ಕೂತೇಬಿಟ್ಟರು. ಅದು ಗೋಕಾಕದ ಬಸ್ಸು! ಗೋಕಾಕ ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಗೋಕರ್ಣ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ.

“ಅಕ್ಕಾ, ಇಳೀರಿ. ಬೋರ್ಡು ಪೂರ್ತಿ ಓದಿ” ಎಂದೆವು. ಅವರು ಇಳಿದು ಬೆರಳಿಟ್ಟು ಓದಿದರು.

“ಗೋ... ಕಾ... ಕ. ಅಯ್ಯೋ, ಅರ್ಕಾವತ್ತೇ ಇಲ್ವಲ್ಲ!”

ಎಲ್ಲರೂ ನಕ್ಕೆವು. ಆಮೇಲೆ ಗೋಕರ್ಣದ ಬಸ್ಸನ್ನು ಅವರೇ ಹುಡುಕಿದರು.

ಟಿಕೆಟ್ಟಿನ ವಿಷಯವೂ ತಿಳಿದಿರಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಇದರಲ್ಲಿ ಕರ್ನಾಟಕದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ರಾಜ್ಯದೊಳಗೆ ದುಡ್ಡಿಲ್ಲ. ಆದರೂ ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ತೋರಿಸಿ ಟಿಕೆಟ್ ಪಡೆಯಲೇಬೇಕು. ರಾಜಹಂಸ, ಎ.ಸಿ., ಮಲಗುವ ಸೀಟಿನ ಬಸ್ಸಿಗೆ ದುಡ್ಡು ಕೊಡಬೇಕು. ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ.

ಕಡಲಲ್ಲಿ ಸೆಳೆತ ಇರುತ್ತದೆ. ಎಚ್ಚರಿಕೆಯ ಬೋರ್ಡು ಕಂಡರೆ ಅದನ್ನೂ ಓದಿ. ಆಳಕ್ಕೆ ಇಳಿಯಬೇಡಿ. ಮಕ್ಕಳ ಕೈ ಬಿಡಬೇಡಿ.

ಮೊದಲ ಅಕ್ಷರ ನೋಡಿ ಬಸ್ಸು ಹತ್ತುವುದು ಬೇಡ. ಕೊನೆಯ ಅಕ್ಷರದವರೆಗೂ ಓದೋಣ.