ಆಲೂಗಡ್ಡೆ ಬಟ್ಟಲಿನಿಂದ ಉಪ್ಪುಸೊಳೆ ಭರಣಿಯವರೆಗೆ

ಅಭಿಸರಣೆ ಅಂದರೇನು ಎಂದು ಕೇಳಿ. ನೀಟ್‌ಗೆ ಓದುವವರು, ಟಿಇಟಿಗೆ ತಯಾರಾಗುವವರು ನಿದ್ದೆಯಲ್ಲೂ ಹೇಳಿಬಿಡುತ್ತಾರೆ: ಅರೆಪಾರಕ ಪೊರೆಯ ಮೂಲಕ ನೀರು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸಾಗುವುದು. ಆದರೆ ‘ಬೇಯಿಸಿದ ಆಲೂಗಡ್ಡೆಯಲ್ಲಿ ಇದು ಯಾಕೆ ನಡೆಯುವುದಿಲ್ಲ?’ ಎಂದರೆ ಹಲವರು ತಡವರಿಸುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಅಂಕ ಕೈತಪ್ಪುವುದು ಇಂಥ ಪ್ರಶ್ನೆಗಳಲ್ಲೇ.

ಮೂಡುಬಿದಿರೆಯಲ್ಲಿ ಬಿ.ಎಡ್. ಓದುತ್ತಿರುವ ನಾನು ಬೋಧನಾಭ್ಯಾಸಕ್ಕೆ ಹೋದದ್ದು ಬಂಟ್ವಾಳ ತಾಲೂಕಿನ ಒಂದು ಪ್ರೌಢಶಾಲೆಗೆ. ಒಂಬತ್ತನೇ ತರಗತಿಯವರೊಂದಿಗೆ ಮಾಡಿದ ಪ್ರಯೋಗಕ್ಕೆ ಬೇಕಾದದ್ದು ಎರಡು ಆಲೂಗಡ್ಡೆ, ಉಪ್ಪು, ಸಕ್ಕರೆ ಮತ್ತು ನೀರು ತುಂಬಿದ ತಟ್ಟೆ. ಸಿಪ್ಪೆ ತೆಗೆದು, ಅರ್ಧಕ್ಕೆ ಕತ್ತರಿಸಿ, ಒಳಗೆ ಕೆರೆದರೆ ನಾಲ್ಕು ಬಟ್ಟಲು. ಒಂದು ಖಾಲಿ, ಒಂದಕ್ಕೆ ಸಕ್ಕರೆ, ಒಂದಕ್ಕೆ ಉಪ್ಪು. ನಾಲ್ಕನೆಯದನ್ನು ಬೇಯಿಸಿ ಸಕ್ಕರೆ ಹಾಕಿದೆವು. ಎರಡು ಗಂಟೆಯ ನಂತರ ಸಕ್ಕರೆ, ಉಪ್ಪು ಇದ್ದ ಹಸಿ ಬಟ್ಟಲುಗಳಲ್ಲಿ ಮಾತ್ರ ನೀರು ತುಂಬಿತ್ತು.

ಖಾಲಿ ಬಟ್ಟಲು ಹೇಳುವುದೇನೆಂದರೆ, ಸೆಳೆಯುವ ದ್ರಾವ್ಯ ಇಲ್ಲದಿದ್ದರೆ ನೀರು ಒಳಬರುವುದಿಲ್ಲ. ಬೆಂದ ಬಟ್ಟಲು ಹೇಳುವುದು ಇನ್ನೂ ಮುಖ್ಯ: ಬಿಸಿಗೆ ಜೀವಕೋಶಗಳ ಪೊರೆ ಹಾಳಾದರೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಆಯ್ಕೆಯೇ ಹೋಗುತ್ತದೆ.

ಆಗ ಒಬ್ಬಳು ಎದ್ದು ಕೇಳಿದಳು, “ಟೀಚರ್, ನಮ್ಮ ಅಜ್ಜಿ ಉಪ್ಪಡ್ ಪಚ್ಚಿಲ್‌ಗೆ ನೀರೇ ಹಾಕುವುದಿಲ್ಲ. ಮತ್ತೆ ಭರಣಿಯಲ್ಲಿ ನೀರು ಎಲ್ಲಿಂದ ಬರುತ್ತದೆ?” ಇಡೀ ಪಾಠ ಆ ಪ್ರಶ್ನೆಯಲ್ಲಿತ್ತು. ಬೇಸಿಗೆಯಲ್ಲಿ ಹಲಸಿನ ಸೊಳೆಗೆ ಕಲ್ಲುಪ್ಪು ಬೆರೆಸಿ ಒತ್ತಿ ತುಂಬಿದಾಗ, ಸೊಳೆಯ ಕೋಶಗಳಿಂದಲೇ ನೀರು ಹೊರಬರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳ ಒಳಗಿನ ನೀರನ್ನೂ ಉಪ್ಪು ಬಿಡುವುದಿಲ್ಲ. ಹಾಗಾಗಿಯೇ ಆಟಿಯ ಮಳೆಯಲ್ಲೂ ನಮಗೆ ಪಲ್ಯ, ರೊಟ್ಟಿ ಸಿಗುವುದು. ಅಡುಗೆಗೆ ಮೊದಲು ನೀರಿನಲ್ಲಿ ನೆನೆಸಿದರೆ ಉಪ್ಪು ಬಿಡುತ್ತದೆ. ಆದರೆ ಪೊರೆ ಸತ್ತಿರುವುದರಿಂದ ಸೊಳೆ ಮತ್ತೆ ಹಸಿಯದರಂತೆ ಬಿಗಿಯಾಗುವುದಿಲ್ಲ.

ಇದು ಅಡುಗೆಮನೆಗಷ್ಟೇ ಸೀಮಿತವಲ್ಲ. ಬೆಳ್ತಂಗಡಿ ಕಡೆಯ ನಮ್ಮ ತೋಟದಲ್ಲಿ ಅಡಿಕೆ ಸಸಿಯ ಬುಡಕ್ಕೆ ತಾಗಿಸಿ ರಾಸಾಯನಿಕ ಗೊಬ್ಬರ ಸುರಿಯಲು ಅಪ್ಪ ಬಿಡುವುದಿಲ್ಲ. ಹಾಕಿದ ಮೇಲೆ ನೀರು ಬಿಡಲೇಬೇಕು. ಒಣ ಮಣ್ಣಿನಲ್ಲಿ ಗೊಬ್ಬರದ ಸಾಂದ್ರತೆ ಹೆಚ್ಚಾದರೆ ಬೇರು ನೀರು ಹೀರುವ ಬದಲು ಕಳೆದುಕೊಳ್ಳುತ್ತದೆ, ಸಸಿ ಸುಟ್ಟಂತೆ ಒಣಗುತ್ತದೆ.

ಪರೀಕ್ಷೆಗೆ ಓದುವವರು ಒಂದು ಹೆಜ್ಜೆ ಮುಂದೆ ಹೋಗಬಹುದು. ಹಸಿ ಆಲೂಗಡ್ಡೆಯಿಂದ 5 ಸೆಂ.ಮೀ. ಉದ್ದದ ಐದು ತುಂಡು ಕತ್ತರಿಸಿ. ಐದು ಲೋಟಗಳಲ್ಲಿ ತಲಾ 100 ಮಿ.ಲೀ. ನೀರಿಗೆ 0, 0.5, 1, 2, 5 ಗ್ರಾಂ ಉಪ್ಪು ಕರಗಿಸಿ, ಒಂದೊಂದು ತುಂಡು ಹಾಕಿ ಕೆಲವು ಗಂಟೆ ಬಿಡಿ. ಬರಿಯ ನೀರಿನದು ಒಂದೆರಡು ಮಿಲಿಮೀಟರ್ ಉದ್ದವಾಗಿ ಗಟ್ಟಿಯಾಗುತ್ತದೆ, 5 ಗ್ರಾಂನದು ಕುಗ್ಗಿ ಬಳುಕುತ್ತದೆ. ಉದ್ದ ಬದಲಾಗದ ಜಾಗವೇ ಸಮಸಾರಕ ಬಿಂದು. ನಾನು ಬರೆದ ಗ್ರಾಫ್‌ನಲ್ಲಿ ಅದು 1 ಗ್ರಾಂನ ಆಸುಪಾಸಿನಲ್ಲಿ ಬಂತು.

1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಪಡೆದ ವ್ಯಾಂಟ್ ಹಾಫ್ ಅವರ ಸಾಧನೆಯಲ್ಲಿ ಅಭಿಸರಣ ಒತ್ತಡದ ನಿಯಮಗಳೂ ಇದ್ದವು. ಪೊರೆಯಲ್ಲಿ ನೀರು ಹಾದುಹೋಗುವ ದಾರಿಯಾದ ಅಕ್ವಾಪೊರಿನ್ ಪ್ರೋಟೀನ್ ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ಅದೇ ಗೌರವ ಸಿಕ್ಕಿತು. ಇಸವಿಗಳನ್ನು ಬಾಯಿಪಾಠ ಮಾಡಿ, ತಪ್ಪಿಲ್ಲ. ಜೊತೆಗೆ ಒಂದು ಆಲೂಗಡ್ಡೆಯನ್ನೂ ಅಳೆದು ನೋಡಿ. ಪ್ರಶ್ನೆಯನ್ನು ಎಷ್ಟೇ ತಿರುಚಿ ಕೇಳಿದರೂ ಆ ಉತ್ತರ ಮರೆಯುವುದಿಲ್ಲ.