ಒಂದು ಹುಳ, ಮೂವರು ಮಾಜಿಗಳು

ಜಿಮ್ಮಿ ಕಾರ್ಟರ್ 1981ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷಗಾದಿಯಿಂದ ಇಳಿದು, ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಪುಟ್ಟ ಊರಿಗೆ ಮರಳಿದರು. ವಯಸ್ಸು 56. ರೇಗನ್ ಎದುರು ಹೀನಾಯ ಸೋಲು. ಊರಿನಲ್ಲಿದ್ದ ಶೇಂಗಾ ವ್ಯಾಪಾರ ಹತ್ತು ಲಕ್ಷ ಡಾಲರ್ ಸಾಲದಲ್ಲಿ ಮುಳುಗಿತ್ತು. ನಮ್ಮಲ್ಲಿ ಗೂಟದ ಕಾರು ಕಳೆದುಕೊಂಡವರು ಮುಂದಿನ ಚುನಾವಣೆಯ ಲೆಕ್ಕ ಹಾಕುತ್ತಾರೆ, ಇಲ್ಲವೇ ಮಗನಿಗೆ ಟಿಕೆಟ್ ಕೇಳುತ್ತಾರೆ. ಕಾರ್ಟರ್ ಮರುವರ್ಷ ಪತ್ನಿ ರೊಸಲಿನ್ ಜೊತೆಗೂಡಿ ಅಟ್ಲಾಂಟಾದಲ್ಲಿ ‘ಕಾರ್ಟರ್ ಸೆಂಟರ್’ ತೆರೆದರು. ದೇಶದೇಶಗಳ ಜಗಳ ಬಿಡಿಸುವ ಉದ್ದೇಶವಿತ್ತು. ಆದರೆ 1986ರಲ್ಲಿ ಅವರ ಗಮನವನ್ನು ಒಂದು ಹುಳ ಸೆಳೆಯಿತು. ಮುಂದಿನ 38 ವರ್ಷ ಅದು ಅವರನ್ನು ಬಿಡಲಿಲ್ಲ.

ಉತ್ತರ ಕರ್ನಾಟಕದ ಹಿರಿಯರಿಗೆ ಈ ಹುಳವನ್ನು ಪರಿಚಯಿಸಬೇಕಾಗಿಲ್ಲ. ನಾರುಹುಣ್ಣು ಎಂದರೆ ಸಾಕು. ಇಂಗ್ಲಿಷಿನವರು ಅದನ್ನು ಗಿನಿ ವರ್ಮ್ ಎಂದರು. ವಿಜ್ಞಾನಿಗಳು ಡ್ರಾಕುಂಕ್ಯುಲಸ್ ಮೆಡಿನೆನ್ಸಿಸ್ ಎಂದು ಕರೆದರು. ಕೆರೆಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಜೀವಿಗಳು ಇರುತ್ತವೆ, ಗಾತ್ರದಲ್ಲಿ ಸಾಸಿವೆ ಕಾಳಿಗಿಂತಲೂ ಸಣ್ಣವು. ಅವುಗಳ ಹೊಟ್ಟೆಯಲ್ಲಿ ನಾರುಹುಳದ ಮರಿಗಳಿರುತ್ತವೆ. ನಾವು ಆ ನೀರು ಕುಡಿದಾಗ ಜಠರದ ಆಮ್ಲ ಸೈಕ್ಲಾಪ್ಸನ್ನು ಕರಗಿಸುತ್ತದೆ, ಮರಿಗಳು ಪಾರಾಗಿ ಕರುಳಿನ ಗೋಡೆ ಕೊರೆದು ಒಳಗೆ ಸೇರುತ್ತವೆ. ಗಂಡು ಹೆಣ್ಣು ಕೂಡುತ್ತವೆ, ಗಂಡು ಸಾಯುತ್ತದೆ. ಹೆಣ್ಣು ಎರಡು ಮೂರು ಅಡಿ ಉದ್ದಕ್ಕೆ, ಬೇಯಿಸಿದ ಶಾವಿಗೆಯಷ್ಟು ದಪ್ಪಕ್ಕೆ ಬೆಳೆದು, ಸದ್ದಿಲ್ಲದೆ ಚರ್ಮದಡಿ, ಹೆಚ್ಚಾಗಿ ಕಾಲಿನತ್ತ, ಇಳಿಯುತ್ತದೆ. ಇಷ್ಟಕ್ಕೂ ಸುಮಾರು ಒಂದು ವರ್ಷ ಹಿಡಿಯುತ್ತದೆ. ಅಷ್ಟು ದಿನವೂ ಮನುಷ್ಯನಿಗೆ ಅದರ ಸುಳಿವು ಸಿಗುವುದಿಲ್ಲ.

ಹುಳದ ಚಾಲಾಕಿತನ ಗೊತ್ತಾಗುವುದು ಅದು ಹೊರಬರುವಾಗ. ಪಾದದ ಬಳಿ ಬೊಕ್ಕೆ ಏಳುತ್ತದೆ, ಕೆಂಡ ಇಟ್ಟಂತೆ ಉರಿಯುತ್ತದೆ. ಉರಿ ತಾಳದೆ ರೋಗಿ ಕಾಲನ್ನು ತಣ್ಣೀರಿನಲ್ಲಿ ಇಳಿಬಿಡುತ್ತಾನೆ. ಹುಳಕ್ಕೆ ಬೇಕಾಗಿದ್ದೂ ಅದೇ. ನೀರು ಸೋಕಿದ್ದೇ ತಡ, ಬೊಕ್ಕೆ ಒಡೆದು ಲಕ್ಷಗಟ್ಟಲೆ ಮರಿಗಳು ನೀರಿಗೆ ಸೇರುತ್ತವೆ; ಸೈಕ್ಲಾಪ್ಸ್ ಅವುಗಳನ್ನು ನುಂಗುತ್ತದೆ; ಅಲ್ಲಿಗೆ ಊರಿನ ಮುಂದಿನ ವರ್ಷದ ಪಾಡು ನಿಶ್ಚಯವಾಗುತ್ತದೆ. ಇತ್ತ ಇಣುಕಿದ ಹುಳದ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಎಳೆಯಬೇಕು. ನಡುವೆ ತುಂಡಾದರೆ ಒಳಗೆ ಕೀವು, ನಂಜು. ಸಾವಿರಾರು ವರ್ಷಗಳ ಹಿಂದೆಯೂ ಇದೇ ಚಿಕಿತ್ಸೆ, ಇಂದಿಗೂ ಇದೇ. ಔಷಧಿಯಿಲ್ಲ, ಲಸಿಕೆಯಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬ ಭರವಸೆಯೂ ಇಲ್ಲ.

1988ರಲ್ಲಿ ಕಾರ್ಟರ್ ಘಾನಾದ ಹಳ್ಳಿಯೊಂದಕ್ಕೆ ಹೋದರು. ಕೂಸನ್ನು ಎತ್ತಿಕೊಂಡಂತೆ ಕಂಡ ತರುಣಿಯೊಬ್ಬಳ ಬಳಿ ನಡೆದರು. ಅವಳು ಹಿಡಿದುಕೊಂಡಿದ್ದದ್ದು ಕೂಸನ್ನಲ್ಲ, ಬಾತು ಹೋಗಿದ್ದ ತನ್ನ ಎದೆಯನ್ನು. ಅದರಿಂದ ಹುಳ ಹೊರಬರುತ್ತಿತ್ತು. ಆ ದೃಶ್ಯವನ್ನು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು.

1986ರಲ್ಲಿ ಆಫ್ರಿಕಾ ಮತ್ತು ಏಷ್ಯಾದ 21 ದೇಶಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನ ಇದರಿಂದ ನರಳುತ್ತಿದ್ದರು. ವಿಜ್ಞಾನ ತೋರಿಸಿದ ದಾರಿ ಬಹಳ ಸರಳ: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಳ ಬಂದ ಕಾಲನ್ನು ಕೆರೆಗೆ ಇಳಿಸಬೇಡಿ. ಇಷ್ಟು ಮಾಡಿದರೆ ಹುಳದ ಸಂತತಿ ಮುಗಿಯಿತು. ಆದರೆ ಇದನ್ನು ಹೇಳುವವರು ಯಾರು, ಕೇಳುವವರು ಯಾರು? ರೋಗಿಗಳೆಲ್ಲ ರಸ್ತೆಯಿಲ್ಲದ ಊರುಗಳ ಬಡ ರೈತರು. ರಾಜಧಾನಿಯ ಮಂತ್ರಿಗಳಿಗೆ ಈ ರೋಗದ ಹೆಸರೇ ಅಪರಿಚಿತ.

ಇಲ್ಲಿಯೇ ‘ಮಾಜಿ’ ಎಂಬ ಪದಕ್ಕೆ ಬೆಲೆ ಬಂತು ಎನ್ನುವುದು ನನ್ನ ಲೆಕ್ಕ. ಸಹಿ ಹಾಕುವ ಅಧಿಕಾರ ಹೋದರೂ, ಫೋನ್ ಮಾಡಿದರೆ ಆ ಕಡೆಯವರು ಎತ್ತುತ್ತಾರೆ. ಕಾರ್ಟರ್ ಕೇಳಿದರು, ಡುಪಾಂಟ್ ಕಂಪನಿ ಸೋಸುವ ಬಟ್ಟೆಗೆ ನೈಲಾನ್ ಎಳೆ ಕೊಟ್ಟಿತು. ಅಮೆರಿಕನ್ ಸಯನಮಿಡ್ ಕಂಪನಿ ಸೈಕ್ಲಾಪ್ಸ್ ಕೊಲ್ಲುವ ರಾಸಾಯನಿಕವನ್ನು ದಾನ ಮಾಡಿತು. 1995ರಲ್ಲಿ ಸುಡಾನಿನ ಅಂತರ್ಯುದ್ಧದ ಎರಡೂ ಬಣಗಳನ್ನು ಒಪ್ಪಿಸಿ ಕದನವಿರಾಮ ಸಾಧಿಸಿದರು. ಅದು ಸುಮಾರು ಆರು ತಿಂಗಳು ನಡೆಯಿತು, ಆ ಬಿಡುವಿನಲ್ಲಿ ಕಾರ್ಯಕರ್ತರು ಹಳ್ಳಿಗಳಿಗೆ ನುಗ್ಗಿದರು. 1978ರಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟ್ ಮತ್ತು ಇಸ್ರೇಲನ್ನು ಕೂರಿಸಿ ಮಾತಾಡಿಸಿದ್ದ ವಿದ್ಯೆಯನ್ನು ಈಗ ಹುಳದ ಮೇಲೆ ಪ್ರಯೋಗಿಸಿದ್ದರು. ಇನ್ನೊಂದು ಲಾಭ ಸಮಯದ್ದು. ಅಮೆರಿಕದ ಅಧ್ಯಕ್ಷನ ಒಂದು ಅವಧಿ ಎಂದರೆ ನಾರುಹುಳದ ನಾಲ್ಕೇ ತಲೆಮಾರು. ಮಾಜಿಗೆ ಆ ಗಡುವಿಲ್ಲ.

ಕಾರ್ಟರ್ ಜೊತೆಗೆ ಇನ್ನಿಬ್ಬರು ಮಾಜಿಗಳೂ ಸೇರಿದರು. ಮಾಲಿ ದೇಶದ ಸೇನಾನಾಯಕ ಅಮದು ತುಮಾನಿ ತುರೆ 1992ರಲ್ಲಿ ಚುನಾಯಿತ ಸರ್ಕಾರಕ್ಕೆ ಅಧಿಕಾರ ಒಪ್ಪಿಸಿ, ಹಳ್ಳಿಗಳಲ್ಲಿ ಹುಳದ ಬೆನ್ನು ಹತ್ತಿದರು. (ಕುರ್ಚಿಯ ಸೆಳೆತ ಪೂರ್ತಿ ಹೋಗಿರಲಿಲ್ಲ ಎನ್ನಿ, 2002ರಲ್ಲಿ ಚುನಾವಣೆ ಗೆದ್ದು ಮತ್ತೆ ಅಧ್ಯಕ್ಷರಾದರು.) ನೈಜೀರಿಯಾದ ಯಾಕುಬು ಗೋವನ್ ಕಥೆ ಇನ್ನೂ ಸ್ವಾರಸ್ಯಕರ. 1975ರಲ್ಲಿ ಅವರು ವಿದೇಶದಲ್ಲಿದ್ದಾಗ ಸೇನೆ ಅವರನ್ನು ಇಳಿಸಿತು. ದೇಶ ಆಳಿದ್ದ ಜನರಲ್ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿ ಸೇರಿ ಡಾಕ್ಟರೇಟ್ ಪಡೆದರು. ಆಮೇಲೆ ಊರೂರು ಸುತ್ತಿ, ಕೆರೆ ಪೂರ್ವಿಕರ ಆತ್ಮಗಳ ನೆಲೆ, ಅದಕ್ಕೆ ಔಷಧಿ ಹಾಕಕೂಡದು ಎನ್ನುತ್ತಿದ್ದ ಹಿರಿಯರ ಮುಂದೆ ಕೂತು ಮಾತಾಡಿದರು. ಒಂದು ಕಾಲಕ್ಕೆ ವರ್ಷಕ್ಕೆ ಆರು ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದ ನೈಜೀರಿಯಾದಲ್ಲಿ ಕೊನೆಯ ಪ್ರಕರಣ ಕಂಡದ್ದು 2008ರಲ್ಲಿ.

ದೊಡ್ಡವರ ಹೆಸರುಗಳ ನೆರಳಿನಲ್ಲಿ ಒಂದು ಮಾತು ಮರೆಯಬಾರದು: ಬೊಕ್ಕೆ ತೊಳೆದು, ಕಡ್ಡಿ ಸುತ್ತಿ, ಮನೆಮನೆಗೆ ಸೋಸುಬಟ್ಟೆ ಹಂಚಿದವರು ಸಾವಿರಾರು ಗ್ರಾಮ ಸ್ವಯಂಸೇವಕರು. ಭಾರತಕ್ಕಂತೂ ಯಾವ ಮಾಜಿಯ ಅಗತ್ಯವೂ ಬೀಳಲಿಲ್ಲ. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ನಾರುಹುಣ್ಣಿತ್ತು. ಜನ ಕೊಡ ಹಿಡಿದು ನೀರಿಗೇ ಕಾಲಿಡುತ್ತಿದ್ದ ಮೆಟ್ಟಿಲುಬಾವಿಗಳೇ ರೋಗದ ತವರು. ಅವುಗಳನ್ನು ಮುಚ್ಚಿ, ಕೈಪಂಪು ಹಾಕಿ, ಮನೆಮನೆ ಹುಡುಕಿ, 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿಯನ್ನು ಕಂಡರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಆಫ್ರಿಕಾದಲ್ಲಿ ಹುಳ ಇನ್ನೊಂದು ಆಟ ಹೂಡಿದೆ. ಮನುಷ್ಯನೊಬ್ಬನೇ ಅದರ ಆಸರೆ ಎಂಬ ನಂಬಿಕೆ 2012ರಲ್ಲಿ ಚಾಡ್ ದೇಶದಲ್ಲಿ ಕುಸಿಯಿತು. ಅಲ್ಲಿ ನಾಯಿಗಳ ಮೈಯಿಂದ ಹುಳ ಹೊರಬಂತು. ನದಿದಂಡೆಯಲ್ಲಿ ಬಿಸಾಡಿದ ಮೀನಿನ ಕರುಳು ತಿಂದು ಅವುಗಳಿಗೆ ಅಂಟುತ್ತಿದೆ ಎಂಬ ಗುಮಾನಿ. 2019ರಲ್ಲಿ ಸುಮಾರು 2,000 ಪ್ರಾಣಿಗಳಲ್ಲಿ ಸೋಂಕು ಸಿಕ್ಕಿತು. ನಾಯಿಗೆ ‘ಕೆರೆಗೆ ಇಳಿಯಬೇಡ’ ಎಂದು ತಿಳಿಹೇಳಲು ಯಾವ ಅಧ್ಯಕ್ಷನಿಂದಲೂ ಆಗದು. ಸೋಂಕಿನ ನಾಯಿಯನ್ನು ಕಟ್ಟಿಹಾಕಿದವರಿಗೆ ಈಗ ಇನಾಮು ಕೊಡುತ್ತಾರೆ. ಮೀನಿನ ಕರುಳನ್ನು ಗುಂಡಿ ತೋಡಿ ಹೂಳಲು ಕಲಿಸುತ್ತಾರೆ.

2015ರಲ್ಲಿ ತಮ್ಮ ಮಿದುಳಿಗೂ ಕ್ಯಾನ್ಸರ್ ಹಬ್ಬಿದೆ ಎಂದು ಪತ್ರಕರ್ತರಿಗೆ ತಿಳಿಸುವಾಗ ಕಾರ್ಟರ್ ಒಂದು ಆಸೆ ಹೇಳಿಕೊಂಡಿದ್ದರು: ತನಗಿಂತ ಮೊದಲು ಕೊನೆಯ ನಾರುಹುಳ ಸಾಯಬೇಕು. ಅವರು ತೀರಿಕೊಂಡದ್ದು 2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ. ಇಡೀ ಜಗತ್ತಿನಲ್ಲಿ ಮನುಷ್ಯರ ಪ್ರಕರಣಗಳು 2022ರಲ್ಲಿ 13, 2023ರಲ್ಲಿ 14. ಅವರು ಹೋದ ವರ್ಷ 15.